ಟಬ್ಬಿನ ನೀಲಗಿರಿ

“ಅಳಿಯಾರ, ಸಿಟ್ಟಿಗೇಳಬ್ಯಾಡ್ರಿ ಮತ್ತ. ನಿಮ್ಮ ಕೈಯಾಗ ಪಾಪಸಕಳ್ಳಿ ಕೊಟ್ರೂ ನಾಕ ದಿನದಾಗ ಒಣಗಿ ನಿಂದರತೈತಿ,” ಎಂದು, ಟೇಲರ್ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದ ಮಡಿವಾಳೆಪ್ಪ ಚಹಾವನ್ನು ಬಸಿಗೆ ಬಗ್ಗಿಸಿದ.

ಪುಂಡಲೀಕ ಮಷೀನಿನ ಗಾಲಿಗೆ ಕೈಯಿಟ್ಟು ನಿಲ್ಲಿಸಿದ. ಸೂಜಿಯ ಕೆಳಗಿದ್ದದ್ದು ಮಡಿವಾಳೆಪ್ಪನದೇ ಅಂಗಿ. ಕಾಲರು ಇನ್ನೂ ಕೂತಿರಲಿಲ್ಲ. ಹಾಗಿದ್ದೂ ಹೊಲಿಯುವವನಿಗೇ ಇಂಥ ಮಾತು ಹೇಳುವ ಧೈರ್ಯ ಆ ಊರಿನಲ್ಲಿ ಅವನೊಬ್ಬನಿಗೇ ಇತ್ತು.

“ಸಂಜಿತನಕ ತಡೀರಿ ಕಾಕಾ. ಟಬ್ ನೋಡಿ ಆಮ್ಯಾಲ ಮಾತಾಡ್ರಿ.”

“ಖರೇನ ಹುಟ್ಟ್ಯಾವೇನು?”

“ಹಸರ ಜಮಖಾನಿ ಹಾಸಿದಂಗ ಆಗೈತ್ರಿ,” ಎಂದ ಪುಂಡಲೀಕ. ಹೇಳುವಾಗ ಅವನ ಮುಖ, ಹೊಸದಾಗಿ ಇಸ್ತ್ರಿ ಮಾಡಿದ ಪೈಜಾಮದಂತೆ ಒಂದೂ ಸುಕ್ಕಿಲ್ಲದೆ ಹೊಳೆಯುತ್ತಿತ್ತು.

ಪುಂಡಲೀಕ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ಒಂದು ಇಕ್ಕಟ್ಟು ಓಣಿಯಲ್ಲಿ. ಅಲ್ಲಿ ಅವನು ಕಂಡ ಹಸಿರೆಂದರೆ ಬಟ್ಟೆಯ ಥಾನಿನ ಹಸಿರು, ಇಲ್ಲವೆಂದರೆ ಸಂತೆಯಲ್ಲಿ ಸಿವುಡು ಕಟ್ಟಿಟ್ಟ ಸೊಪ್ಪು. ಹೆಂಡತಿ ಸವಿತಾ ಒಬ್ಬಳೇ ಮಗಳಾದ್ದರಿಂದ ಮದುವೆಯಾಗಿ ಮಾವನ ಮನೆಗೇ ಬಂದು, ಯರಗುಪ್ಪಿ ರಸ್ತೆಯ ಈ ಸಣ್ಣ ಹಳ್ಳಿಯಲ್ಲಿ ಅಂಗಡಿ ಇಟ್ಟ. ಜಂಪರಿನ ತೋಳನ್ನು ಇವನಂತೆ ಕೂರಿಸುವವರು ಕುಂದಗೋಳದಲ್ಲೂ ಇಲ್ಲವೆಂದು ಹೆಂಗಸರೇ ಹೇಳುತ್ತಿದ್ದರು. ಆದರೆ ಅದೇ ಕೈ ಮಣ್ಣು ಮುಟ್ಟಿತೆಂದರೆ ಮುಗೀತು. ಬಂದ ಹೊಸತರಲ್ಲಿ ನೆಟ್ಟ ಕರಿಬೇವು ಒಂದು ವಾರ ಯೋಚನೆ ಮಾಡಿ ಸತ್ತಿತು. ಅತ್ತೆ ಮೈಲಾರವ್ವನ ದುಂಡುಮಲ್ಲಿಗೆಗೆ ಒಮ್ಮೆ ನೀರು ಹಾಕಿದ, ಅಂದಿನಿಂದ ಅದು ಮೊಗ್ಗು ಬಿಡುವುದನ್ನೇ ಮರೆಯಿತು. ಬಾಜು ಮನೆಯ ಹಸನಬಿಯ ಸೋರೆಬಳ್ಳಿಯನ್ನಂತೂ ಪಾಪ, ಅವನು ಮುಟ್ಟಿರಲೂ ಇಲ್ಲ. ಗೋಡೆಯ ಮೇಲಿಂದ ‘ಛಲೋ ಬಂದೈತಿ’ ಎಂದಿದ್ದ, ಅಷ್ಟೇ.

ಇದು ಹಿತ್ತಲಿನ ಮಾತಾಗಿ ಉಳಿದಿದ್ದರೆ ನಡೆಯುತ್ತಿತ್ತು. ಆದರೆ ಮಾವ ಲಕ್ಷ್ಮಪ್ಪನ ಹೊಲಕ್ಕೆ ಟ್ರ್ಯಾಕ್ಟರ್ ಬಂದು ಎಷ್ಟು ಕಾಲವಾಗಿದ್ದರೂ, ಬಿತ್ತಿಗೆಯ ಮೊದಲ ಸಾಲು ಮಾತ್ರ ಎತ್ತಿನ ಕೂರಿಗೆಯದೇ ಆಗಬೇಕು. ಆ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಕಾಳನ್ನು ಕೈಗುಣ ಇದ್ದವರೇ ಹಾಕಬೇಕು. ಹೋದ ವರ್ಷ, ಮನೆಯ ಅಳಿಯನಿಗೆ ಮರ್ಯಾದೆ ಆಗಲಿ ಎಂದು ಆ ಹಿಡಿಯನ್ನು ಪುಂಡಲೀಕನಿಂದ ಹಾಕಿಸಿದರು. ಆಮೇಲೆ ಬಂದ ಮಳೆ ಬಾಜು ಹೊಲದ ಬದುವಿನ ತನಕ ಬಂದು, ಏನೋ ಮರೆತು ಬಂದವರ ಹಾಗೆ ತಿರುಗಿ ಹೋಯಿತು. ಬಿತ್ತಿದ ಹೆಸರು ಕಾಳು ಎದ್ದದ್ದು ಅರ್ಧ. ಅಂದಿನಿಂದ ಹೊಲದಲ್ಲಿ ಏನೇ ಶುರುವಾದರೂ ಲಕ್ಷ್ಮಪ್ಪ ಅಳಿಯನಿಗೆ ಭಾಳ ಮರ್ಯಾದೆಯಿಂದ ಒಂದೇ ಕೆಲಸ ಕೊಡುತ್ತಿದ್ದ: ಬದುವಿನ ಬನ್ನಿಗಿಡದ ಕೆಳಗೆ ಕೂತು ಎಲ್ಲರ ಚಪ್ಪಲಿ ಕಾಯುವುದು. ಆ ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ, “ಚಪ್ಪಲಿ ಬೆಳಿ ಹೆಂಗೈತ್ರಿ ಅಳಿಯಾರ?” ಎಂದು ಕೇಳಿ ಹೋಗುತ್ತಿದ್ದರು.

ನೀಲಗಿರಿ ಗಿಡ ಬೆಳೆಸುವ ಬುದ್ಧಿ ತಲೆಗೆ ಹಾಕಿದವನೂ ಮಡಿವಾಳೆಪ್ಪನೇ. ಎಂದೋ ಒಂದು ಮಳೆಗಾಲ ಸಸಿ ಬೆಳೆಸುವ ನರ್ಸರಿಯಲ್ಲಿ ಕಾವಲಿಗಿದ್ದ ಅವನು, ಆ ಒಂದು ಮಳೆಗಾಲದ ವಿದ್ಯೆಯನ್ನು ಇವತ್ತಿನ ತನಕ ಊರಿಗೆ ಹಂಚುತ್ತಲೇ ಇದ್ದ. ನೀಲಗಿರಿಗೆ ಕೈಗುಣ ಬೇಕಿಲ್ಲ, ಬಂಡೆಯ ಮೇಲೆ ಒಗೆದರೂ ಹುಟ್ಟುತ್ತದೆ ಎಂದು ಅವನು ಅಂದದ್ದನ್ನು ಪುಂಡಲೀಕ ಗಟ್ಟಿಯಾಗಿ ಹಿಡಿದುಕೊಂಡ. ತಂಬೂರು ಎಂಬ ಊರಿನ ಗೆಳೆಯ ಆಸೀಫ್ ರಸ್ತೆ ಬದಿಯ ಮರದಿಂದ ಕಾಯಿ ಕಿತ್ತು ಬಸ್ಸಿನಲ್ಲಿ ಕಳಿಸಿದ. ಕಾಗದದ ಮೇಲೆ ಬಿಸಿಲಿಗಿಟ್ಟರೆ ಕಾಯಿಗಳು ಬಾಯಿ ತೆರೆದು, ಒಳಗಿಂದ ನಶ್ಯದಂಥ ಪುಡಿ ಉದುರಿತು. ಅದೇ ಬೀಜ. ಲಕ್ಷ್ಮಪ್ಪ ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕ. ನಗುವಿನ ಭರದಲ್ಲಿ, ಓಣಿಯ ಮಂದಿಯ ಎದುರಿಗೇ ಮಾತು ಕೊಟ್ಟುಬಿಟ್ಟ: ಈ ಧೂಳಿನಿಂದ ಒಂದೇ ಒಂದು ನೀಲಗಿರಿ ಹುಟ್ಟಿಸಿ ತೋರಿಸಿದರೆ ಈ ವರ್ಷದ ಮೊದಲ ಹಿಡಿ ಅಳಿಯಾರದ್ದೇ.

ಬಸವ ಜಯಂತಿಯ ದಿನ ಪುಂಡಲೀಕ ಒಡೆದ ನೀಲಿ ಟಬ್ಬಿನ ತಳಕ್ಕೆ ತೂತು ಹಾಕಿ, ಹಳ್ಳದ ಉಸುಕು ಮತ್ತು ಜರಡಿ ಹಿಡಿದ ತಿಪ್ಪೆಗೊಬ್ಬರ ಬೆರೆಸಿ ತುಂಬಿದ. ಬೀಜದ ಪುಡಿಯನ್ನು ಒಣ ಉಸುಕಿನಲ್ಲಿ ಕಲಸಿ, ಅತ್ತೆ ರಂಗೋಲಿ ಬಿಡುವ ಹಾಗೆ ಬೆರಳ ಸಂದಿಯಿಂದ ಉದುರಿಸಿದ. ಮೇಲೆ ಮಣ್ಣು ಮುಚ್ಚಲಿಲ್ಲ. ಅಷ್ಟು ಸಣ್ಣ ಬೀಜಕ್ಕೆ ಮಣ್ಣಿನ ಭಾರ ತಡೆಯುವುದಿಲ್ಲ. ಚೊಂಬಿನಿಂದ ನೀರು ಹೊಯ್ದರೆ ಎಲ್ಲ ತೇಲಿಹೋದೀತೆಂದು, ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯಿಂದ ಮುಂಜಾನೆ ಸಂಜೆ ಮಂಜು ಬಿದ್ದಂತೆ ಚಿಮುಕಿಸಿದ. ಇರುವೆ ಬಾರದಿರಲೆಂದು ಸುತ್ತ ಬೂದಿಯ ಗೆರೆ ಎಳೆದ. ಬಿಸಿಲು ತಾಕದಿರಲೆಂದು ಯಾರದೋ ಲಂಗದಲ್ಲಿ ಉಳಿದ ಜಾಳಿಗೆ ಬಟ್ಟೆಯಿಂದ, ಅಂಚಿಗೆ ಎಲಾಸ್ಟಿಕ್ ಹಾಕಿ, ಟಬ್ಬಿಗೆ ಒಂದು ಟೊಪ್ಪಿಗೆ ಹೊಲಿದ. ಊರಿನ ಎಷ್ಟೋ ಕೂಸುಗಳಿಗೆ ಅಷ್ಟು ಚಂದದ ಟೊಪ್ಪಿಗೆ ಇರಲಿಲ್ಲ.

ಆಮೇಲೆ ಕಾಯುವುದು. ದಿನವೂ ಟೊಪ್ಪಿಗೆ ಸರಿಸಿ, ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಿ ನೋಡುವನು. ದಿನವೂ ಮೂಗಿನ ತುದಿಗೆ ಉಸುಕು ಹಚ್ಚಿಕೊಂಡು ಸಪ್ಪಗೆ ಒಳಗೆ ಬರುವನು. ಸವಿತಾ ಸೆರಗಿನಿಂದ ಅವನ ಮೂಗು ಒರೆಸುತ್ತಿದ್ದಳು. ಹಾಗಿರುವಾಗ ಹೋದ ವಾರ ಒಂದು ಮುಂಜಾನೆ ಟಬ್ಬಿನ ತುಂಬ ಹಸಿರು. ಒಂದೊಂದರ ಎಲೆ ಒಂದೊಂದು ನಮೂನೆ. ಒಂದೇ ತಾಯಿಯ ಮಕ್ಕಳೂ ಒಂದೇ ಹಾಗಿರುತ್ತಾರೆಯೇ ಎಂದುಕೊಂಡ ಪುಂಡಲೀಕ, ಅವತ್ತು ಖುಷಿಯಲ್ಲಿ ಒಂದೇ ಅಂಗಿಗೆ ಎರಡೂ ಎಡಗೈ ತೋಳು ಕೂರಿಸಿದ.

ನಿನ್ನೆ ರಾತ್ರಿ, ಬಿತ್ತಿಗೆಗೆಂದು ಕಾದಿದ್ದ ಮಿರಗದ ಮಳೆ ಛಲೋ ಬಿತ್ತು. ಲಕ್ಷ್ಮಪ್ಪ ನಸುಕಿನಲ್ಲೇ ಹೊಲ ನೋಡಲು ಹೋಗಿ, ತೊಯ್ದು, ಮೂಗಿನ ಎರಡೂ ಹೊಳ್ಳೆ ಕಟ್ಟಿಕೊಂಡು ಬಂದ. ಅವನ ಬಾಯಿಂದ ಬರುವ ‘ನ’ ಎಲ್ಲ ‘ದ’ ಆಗಿ, ‘ಮ’ ಎಲ್ಲ ‘ಬ’ ಆಗಿ ಬೀಳುತ್ತಿದ್ದವು. ‘ದಾಳಿ ಬುಂಜಾದಿ ಬಿತ್ತಿಗಿ’ ಎಂದು ಅವನು ಸಾರಿದಾಗ, ನಾಳೆ ಮುಂಜಾನೆ ಬಿತ್ತಿಗೆ ಎಂದು ಮನೆಯವರು ತಿಳಿದುಕೊಂಡರು. ಇವತ್ತು ಸಂಜೆ ಟಬ್ಬಿನ ಪರೀಕ್ಷೆ. ಪರೀಕ್ಷಕ ಮಡಿವಾಳೆಪ್ಪ.

ಇಷ್ಟೇ ಆಗಿದ್ದರೆ ಸಂಜೆಯ ತನಕ ಎಲ್ಲ ಸರಾಗ ನಡೆಯುತ್ತಿತ್ತು. ಆದರೆ ಇವತ್ತೇ ನಳದಲ್ಲಿ ನೀರು ಬರಲಿಲ್ಲ.

ಓಣಿಗೆ ಬೋರಿನ ನೀರು ಬಿಡುವವನು ಕೃಷ್ಣಾ. ಮಳೆಯ ತಂಪಿಗೆ ಕೌದಿ ಹೊದ್ದು ಮಲಗಿದವನು ಹೊತ್ತೇರಿದ ಮೇಲೆಯೇ ಎದ್ದಿದ್ದ. ಎದ್ದು ಹೊರಬಂದರೆ ಕೊಡ ಹಿಡಿದ ಹೆಂಗಸರು ಬಾಗಿಲಲ್ಲೇ ಇದ್ದರು. ನಿದ್ದೆ ಹೋಗಿದ್ದೆ ಎನ್ನುವ ಬದಲು ಬೋರಿನಲ್ಲೇ ನೀರಿಲ್ಲ ಎಂದುಬಿಟ್ಟ. ಇದೇ ಹೊತ್ತಿಗೆ ಟೇಲರ್ ಅಂಗಡಿಯಿಂದ ಹೊಸ ಸುದ್ದಿ ಹೊತ್ತುಕೊಂಡು ಮಡಿವಾಳೆಪ್ಪ ಅಲ್ಲಿಗೆ ಬಂದ. ಪುಂಡಲೀಕನ ಹಿತ್ತಲಿನಲ್ಲಿ ನೀಲಗಿರಿ ಎದ್ದಿದೆ ಎಂದ. ನೀಲಗಿರಿ ಎಂದರೆ ನೆಲದೊಳಗಿನ ನೀರನ್ನೆಲ್ಲ ಹೀರುವ ಜಾತಿ ಎಂದೂ, ಕೇಳದಿದ್ದರೂ, ತನ್ನ ವಿದ್ಯೆ ಸೇರಿಸಿದ. ರಾತ್ರಿ ಅಷ್ಟು ಮಳೆ ಬಿದ್ದು ಮುಂಜಾನೆಗೆ ಬೋರು ಒಣಗಬೇಕಾದರೆ ಯಾರೋ ಕುಡಿದಿರಲೇಬೇಕಲ್ಲ. ಕೃಷ್ಣಾನ ಮುಖ ಅರಳಿತು. ಆ ಮಾತನ್ನು ಅವನಷ್ಟು ಬೇಗ ಯಾರೂ ನಂಬಲಿಲ್ಲ.

ಊಟದ ಹೊತ್ತಿಗೆ ಸವಿತಾಳ ಫೋನು ಬಂತು. “ಏನ್ರೀ, ಲಗೂ ಬರ್ರಿ. ಹಿತ್ತಲದಾಗ ಅರ್ಧ ಊರ ನಿಂತೈತಿ.”

ಕೊರಳಲ್ಲಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣ ಇದ್ದ ಹಾಗೆಯೇ ಪುಂಡಲೀಕ ಓಡಿಬಂದ. ಟಬ್ಬಿನ ಸುತ್ತ ಖಾಲಿ ಕೊಡಗಳ ಕೋಟೆ. ಮುಂದೆ ಕೊಡ ಸೊಂಟಕ್ಕಿಟ್ಟ ದುಂಡವ್ವ. ಅವಳು ಮಾತಾಡಲು ನಿಂತರೆ ಬಸ್ಸು ಸಹ ಹಾರ್ನು ಹಾಕದೆ ಕಾಯುತ್ತಿತ್ತು.

“ನಮ್ಮ ನೀರ ಕುಡದು ನಿಮ್ಮ ಗಿಡಾ ಮೈ ತುಂಬಿಕೊಂಡಾವು. ನಾವ ಏನ ಕುಡೀಬೇಕ್ರಿ ಅಳಿಯಾರ?”

“ದುಂಡವ್ವಾ, ಇವು ಬೆರಳಿನುದ್ದ ಸೈತ ಇಲ್ಲಲ್ಲ. ಬೋರ್ ಹೆಂಗ ಕುಡೀತಾವು?”

“ಮ್ಯಾಲ ನೋಡಬ್ಯಾಡ್ರಿ, ಬೇರ ನೋಡ್ರಿ,” ಎಂದು ಕೃಷ್ಣಾ ಮುಂದೆ ಬಂದ. “ಮ್ಯಾಲ ಬೆರಳಿನಷ್ಟ ಇದ್ರ ಕೆಳಗ ಬೋರಿನತನಕ ಇಳದಿರತಾವ.”

ಟಬ್ಬು ಕಲ್ಲುಹಾಸಿನ ಮೇಲಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇಬ್ಬರು ಆಗಲೇ ಎರಡು ಕಡೆಯಿಂದ ಅದರ ಅಂಚು ಹಿಡಿದು ಮಗುಚಲು ಬಗ್ಗಿದ್ದರು. ಅಷ್ಟು ದಿನದ ಹಸಿರು, ಮೊದಲ ಹಿಡಿ, ಮರ್ಯಾದೆ, ಎಲ್ಲ ಒಟ್ಟಿಗೆ ತಿಪ್ಪೆಗೆ ಹೋಗುವುದು ಕಂಡು ಪುಂಡಲೀಕನ ಬಾಯಿ ಅವನನ್ನು ಕೇಳದೆಯೇ ತೆರೆದುಕೊಂಡಿತು.

“ಬಿಡ್ರಿ. ಇದು ನೀಲಗಿರಿ ಅಲ್ಲ. ಸೊಪ್ಪು. ಮನಿ ಊಟಕ್ಕ ಹಾಕಿದ್ದು.”

ಅಂಚು ಹಿಡಿದ ಕೈಗಳು ಸಡಿಲವಾದವು. ದುಂಡವ್ವನ ಕೊಡ ಸೊಂಟದಿಂದ ಇಳಿಯಿತು. ಪುಂಡಲೀಕ ಉಸಿರು ಬಿಡುವಷ್ಟರಲ್ಲಿ ಹಿಂಬಾಗಿಲಿನಿಂದ ಒಂದು ದನಿ ಬಂತು.

“ಹಂಗಾದ್ರ ದೀಲಗಿರಿ ಹುಟ್ಟಿಲ್ಲ ಅದ್ದಂಗಾತು.”

ಹೆಸರು ಕಾಳಿನ ಚೀಲ ಹೆಗಲ ಮೇಲಿಟ್ಟುಕೊಂಡು ಲಕ್ಷ್ಮಪ್ಪ ನಿಂತಿದ್ದ.

ಪುಂಡಲೀಕನ ಸ್ಥಿತಿ ಕತ್ತರಿಯ ಎರಡು ಬಾಯಿಯ ನಡುವಿನ ಬಟ್ಟೆಯಂತಾಯಿತು. ಮಾವನ ಕಿವಿಯ ಹತ್ತಿರ ಹೋಗಿ, “ನೀಲಗಿರಿನ ಐತ್ರಿ ಮಾವಾರ,” ಎಂದು ಪಿಸುಗುಟ್ಟಿದ. ಏನಂದ್ರಿ ಎಂದು ದುಂಡವ್ವ ಕೇಳಿದಳು. ಸೊಪ್ಪು ಅಂದೆ ಎಂದ. ಸೊಪ್ಪೇ ಎಂದು ಲಕ್ಷ್ಮಪ್ಪ ಹುಬ್ಬೇರಿಸಿದ. ಅಲ್ಲ ಮಾವಾರ ಎಂದು ಇತ್ತ ತಿರುಗಿದ. ಅಲ್ಲವೇ ಎಂದು ಕೃಷ್ಣಾ ಮತ್ತೆ ಟಬ್ಬಿನ ಅಂಚು ಹಿಡಿದ. ಹೌದು, ಸೊಪ್ಪು ಎಂದು ಅತ್ತ ತಿರುಗಿದ. ನಾಲ್ಕು ಸಲ ಹೀಗೆ ತಿರುಗುವಷ್ಟರಲ್ಲಿ ಕೊರಳ ಟೇಪು ಅವನ ಸುತ್ತ ಒಂದು ಸುತ್ತು ಹಾಕಿಕೊಂಡಿತ್ತು.

“ಬಡಿವಾಳೆಪ್ಪಾ,” ಎಂದ ಲಕ್ಷ್ಮಪ್ಪ ಕೊನೆಗೆ, “ಸಂಜಿಗೆ ದೋಡೂದು ಈಗಲೇ ದೋಡಿ ಹೇಳಿಬಿಡು.”

ಮಡಿವಾಳೆಪ್ಪ ಧೋತರ ಸಾವರಿಸಿ ಟಬ್ಬಿನ ಎದುರು ಕುಕ್ಕುರುಗಾಲಲ್ಲಿ ಕೂತ. ನೀಲಗಿರಿ ಎಳೆಯದಿದ್ದರೂ ಎಲೆ ತಿಕ್ಕಿದರೆ ಮೂಗಿಗೆ ಹಚ್ಚುವ ಮುಲಾಮಿನ ವಾಸನೆ ಬರಬೇಕೆಂದು ಮೊದಲು ಮಂದಿಗೆ ತಿಳಿಸಿದ. ಆಮೇಲೆ ಒಂದು ಎಲೆ ಚಿವುಟಿ, ಅಂಗೈಯಲ್ಲಿ ತಿಕ್ಕಿ, ಕಣ್ಣು ಮುಚ್ಚಿ ಮೂಸಿದ. “ಮೆಂತೆ,” ಎಂದ. ಬಾಜು ಇದ್ದದ್ದನ್ನು ಚಿವುಟಿದ. “ಸಾಸಿವಿ.” ಮೂರನೆಯದರ ಕೆಂಪು ದಂಟನ್ನು ನೋಡಿದ ಕೂಡಲೇ, ಮೂಸದೆಯೇ, “ರಾಜಗಿರಿ,” ಎಂದು ಮೇಲೆದ್ದು ಕೈ ಕೊಡವಿದ.

“ಅಳಿಯಾರು ಖರೇನ ಹೇಳ್ಯಾರ. ಎಲ್ಲಾ ಸೊಪ್ಪೈತಿ.”

ಮಂದಿಗೆ ಭಾಳ ಸಮಾಧಾನವಾಯಿತು. ಪುಂಡಲೀಕ ಮಾತ್ರ ಬಾಯಿ ತೆರೆದುಕೊಂಡು ನಿಂತ. ಅವಸರಕ್ಕೆ ಆಡಿದ ಸುಳ್ಳೊಂದು ಹೀಗೆ ಎಲ್ಲರೆದುರಿಗೆ ಖರೆಯಾಗಿ ತನ್ನ ಮೇಲೇ ತಿರುಗಿ ಬೀಳುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಶ್ಯದಂಥ ಬೀಜ ಹಾಕಿದರೆ ಮೆಂತೆ ಎಲ್ಲಿಂದ ಬಂತು?

“ಮೆಂತೆ ನಾ ಹಾಕಿದ್ದು,” ಎಂದಳು ಸವಿತಾ, ಬಾಗಿಲ ಚೌಕಟ್ಟಿನ ಮರೆಯಿಂದ. “ನೀವು ದಿನಾ ಮಣ್ಣಿಗೆ ಮೂಗ ಹಚ್ಚೂದು ನನಗ ನೋಡಾಕ ಆಗಲಿಲ್ಲ. ಏನರ ಹಸರ ಕಂಡ್ರ ಸಾಕು ಅನಿಸ್ತು. ಆದ್ರ ಮೆಂತೆ ಅಷ್ಟ ನಂದು. ಉಳದದ್ದು ನಿಮ್ಮ ನೀಲಗಿರಿ ಅಂತ ನಾನೂ ಖುಷಿಯಾಗಿದ್ನಿ.”

ಮೈಲಾರವ್ವ ಕೆಮ್ಮಿದಳು. ಸಾಸಿವೆ ತನ್ನದೆಂದೂ, ಅಳಿಯಾರ ಮುಖ ನೋಡಲಾಗದೆ ಒಗ್ಗರಣೆ ಡಬ್ಬಿಯಿಂದ ಒಂದು ಚಿಟಿಕೆ ಒಗೆದೆನೆಂದೂ, ಮಿಕ್ಕದ್ದೆಲ್ಲ ನೀಲಗಿರಿಯೇ ಎಂದು ತಾನೂ ನಂಬಿದ್ದೆನೆಂದೂ ಗೋಡೆಯ ಕಡೆ ನೋಡುತ್ತ ಹೇಳಿದಳು.

ಈಗ ಎಲ್ಲರ ಕಣ್ಣೂ ಉಳಿದ ರಾಜಗಿರಿಯ ಮೇಲೆ ಬಿತ್ತು. ಗೋಡೆಯಾಚೆ ಹಸನಬಿ ಸೆರಗು ತಲೆಯ ಮೇಲೆಳೆದುಕೊಂಡಳು.

“ಗೋಡಿ ಮ್ಯಾಲಿಂದ ಒಂದ ಚಿಟಿಕಿ ಒಗದ್ನಿ ಪುಂಡಲೀಕಣ್ಣಾ. ಸೋರಿಬಳ್ಳಿ ಹೋದಾಗ ನಿಮಗ ಒಂದ ಮಾತ ಜಾಸ್ತಿ ಅಂದಿದ್ನಿ. ಅದು ಮನಸಿನ್ಯಾಗ ಉಳದಿತ್ತು.”

ಮೊದಲು ನಕ್ಕವಳು ದುಂಡವ್ವ. ಅವಳ ನಗು ಕೊಡದೊಳಗೆ ಬಿದ್ದು ಎರಡರಷ್ಟಾಗಿ ಹೊರಬಂತು. ಆಮೇಲೆ ಹಿತ್ತಲೆಲ್ಲ ನಕ್ಕಿತು. ಸವಿತಾ ನಕ್ಕಳು, ಹಸನಬಿ ಗೋಡೆಗೆ ಹಣೆ ಒತ್ತಿಕೊಂಡು ನಕ್ಕಳು. ಮೂವರು ತನಗಾಗಿ ಕದ್ದು ಬಿತ್ತಿದ್ದಾರೆಂದು ತಿಳಿದ ಪುಂಡಲೀಕನೂ, ಅಳಬೇಕೋ ನಗಬೇಕೋ ತಿಳಿಯದೆ, ಮಂದಿಯ ಜೊತೆ ನಕ್ಕುಬಿಟ್ಟ. ಈ ಗದ್ದಲದಲ್ಲಿ ಕೃಷ್ಣಾ ಮೆಲ್ಲಗೆ ಜಾರಿಕೊಂಡ. ಹೆಚ್ಚು ಹೊತ್ತಾಗಿರಲಿಲ್ಲ, ಓಣಿಯ ನಳ ಸುಸ್ ಎಂದು ಗಾಳಿ ಬಿಟ್ಟು ನೀರು ಸುರಿಸತೊಡಗಿತು. ಟಬ್ಬಿನಲ್ಲಿರುವುದು ಸೊಪ್ಪೆಂದು ಬೋರಿಗೂ ಸುದ್ದಿ ಮುಟ್ಟಿದ ಹಾಗಿತ್ತು. ಕೊಡಗಳೆಲ್ಲ ಆ ಕಡೆ ಓಡಿದವು.

ಉಳಿದದ್ದು ಮನೆಯ ಮಂದಿ ಮತ್ತು ಪರೀಕ್ಷಕ. ಲಕ್ಷ್ಮಪ್ಪ ಚೀಲ ಇಳಿಸಿ ಕಟ್ಟೆಯ ಮೇಲೆ ಕೂತು ತೀರ್ಪು ಹೇಳಿದ. ಹುಟ್ಟಿದ ಮೂರೂ ಸೊಪ್ಪು ಕೈಗುಣ ಇರುವ ಹೆಣ್ಣುಮಕ್ಕಳು ಹಾಕಿದ್ದು, ಅಳಿಯಾರು ಹಾಕಿದ್ದೊಂದೇ ಹುಟ್ಟಿಲ್ಲ. ಇದಕ್ಕಿಂತ ಚೊಕ್ಕ ಪರೀಕ್ಷೆ ಎಲ್ಲಿಯೂ ಆಗುವುದಿಲ್ಲ. ಮೊದಲ ಹಿಡಿ ಈ ವರ್ಷ ಮೈಲಾರವ್ವನದು. ಮೂಗು ಕಟ್ಟಿದ್ದರಿಂದ ತೀರ್ಪಿನ ಅರ್ಧ ಅಕ್ಷರ ಬದಲಾಗಿ ಬಂದರೂ ಅರ್ಥ ಬದಲಾಗಲಿಲ್ಲ.

ನಾಲ್ಕು ದಿನ ಬಿಟ್ಟು ನೋಡೋಣ, ಅಡಿಯಲ್ಲಿ ಏನಾದರೂ ಇದ್ದೀತು ಎಂದು ಪುಂಡಲೀಕ ಬೇಡಿಕೊಂಡ. ಅಷ್ಟು ಕೈ ಆಡಿದ ಸೊಪ್ಪು ಸಂಜೆಗೇ ಬಾಡುತ್ತದೆ ಎಂದ ಮೈಲಾರವ್ವ ಬೇರುಸಹಿತ ಹಿಡಿಹಿಡಿಯಾಗಿ ಕಿತ್ತು, ತೊಳೆದು, ಬೇರು ಕೊಯ್ದೆಸೆದು, ತೊಗರಿಬೇಳೆ, ಹಸಿಮೆಣಸಿನಕಾಯಿ ಹಾಕಿ ಪಲ್ಯ ಮಾಡಿದಳು. ಒಗ್ಗರಣೆಗೆ ಬಳ್ಳೊಳ್ಳಿ ಜಾಸ್ತಿ ಬಿತ್ತು. ಬಿಸಿ ರೊಟ್ಟಿಯ ಬಡಿತ ಕೇಳಿ ಮಡಿವಾಳೆಪ್ಪ, ತೀರ್ಪು ಹೇಳಿದವರು ಹಾಗೇ ಹೋಗಬಾರದೆಂದು ಉಳಿದುಕೊಂಡ. ಹಸನಬಿಗೆ ಗೋಡೆಯ ಮೇಲಿಂದಲೇ ಒಂದು ಬಟ್ಟಲು ಹೋಯಿತು. ಇಳಿಬಿಸಿಲಿನಲ್ಲಿ ಹಿತ್ತಲ ಕಟ್ಟೆಯ ಮೇಲೆ ಎಲ್ಲರೂ ತಾಟು ಹಿಡಿದು ಕೂತರು. ಟಬ್ಬಿನ ಟೊಪ್ಪಿಗೆ ರೊಟ್ಟಿಯ ಬುಟ್ಟಿಯ ಮೇಲೆ ಬಂದಿತ್ತು. ಅಳತೆ ಬರೋಬ್ಬರಿ ಕೂತಿತ್ತು.

ನಾಲ್ಕೈದು ತುತ್ತಾಗಿರಬೇಕು. ಪುಂಡಲೀಕನ ದವಡೆ ನಿಂತಿತು.

ಮೆಂತೆಯ ಕಹಿಯ ಅಡಿಯಿಂದ, ಸಾಸಿವೆಯ ಖಾರದ ಬಾಜುವಿನಿಂದ, ತಣ್ಣನೆಯದೇನೋ ಎದ್ದು ಮೂಗಿನೊಳಗೆ ಹತ್ತಿ, ಹಣೆಯ ತನಕ ಹೋಗಿ ಕೂತಿತು. ಮುಲಾಮಿನ ಡಬ್ಬಿಯನ್ನೇ ಅಗಿದ ಹಾಗೆ. ಮೂವರ ಸೊಪ್ಪಿನ ನೆರಳಿನಲ್ಲಿ, ಯಾರ ಕಣ್ಣಿಗೂ ಬೀಳದಷ್ಟು ಸಣ್ಣದಾಗಿ ಅದು ಎದ್ದು ನಿಂತಿತ್ತು. ಹೇಳುವ ಮೊದಲು ನುಂಗಬಾರದಿತ್ತು. ಆದರೆ ಗಂಟಲು ಅವನ ಮಾತು ಕೇಳಲಿಲ್ಲ.

“ಮಾವಾರ,” ಎಂದ ಮೆಲ್ಲಗೆ. “ನೀಲಗಿರಿ ಹುಟ್ಟಿತ್ತ್ರಿ.”

“ಎಲ್ಲೈತಿ?”

“ನುಂಗಿದ್ನಿ.”

ಮಡಿವಾಳೆಪ್ಪನಿಗೆ ರೊಟ್ಟಿ ನೆತ್ತಿಗೇರಿತು. ನೀರು ಕುಡಿದು ಸುಧಾರಿಸಿಕೊಂಡು, ಪರೀಕ್ಷೆ ಎಂದರೆ ಪರೀಕ್ಷೆ ಎಂದು ಪುಂಡಲೀಕನ ಬಾಯಿ ತೆರೆಸಿ ಮೂಸಿದ. “ಬಳ್ಳೊಳ್ಳಿ,” ಎಂದು ಘೋಷಿಸಿದ. ಸವಿತಾ ತನ್ನ ತಾಟಿನ ಪಲ್ಯವನ್ನೆಲ್ಲ ಬೆರಳಿನಿಂದ ಹುಡುಕಿದಳು. ಮೆಂತೆಯೇ ಸಿಕ್ಕಿತು.

ಲಕ್ಷ್ಮಪ್ಪ ನಗುತ್ತ ನಗುತ್ತ ಒಂದು ದೊಡ್ಡ ತುತ್ತು ಮಡಚಿ ಬಾಯಿಗಿಟ್ಟ. ಅಗಿದ. ಅಗಿಯುವುದು ನಿಧಾನವಾಯಿತು. ಕಣ್ಣು ಒಮ್ಮೆ ದೊಡ್ಡದಾಗಿ, ನೀರು ತುಂಬಿತು. ಮೂಗಿನ ಒಂದು ಹೊಳ್ಳೆಯಿಂದ ಪೀಪಿ ಊದಿದಂತೆ ಸಣ್ಣ ಸದ್ದು ಬಂತು, ಆಮೇಲೆ ಇನ್ನೊಂದರಿಂದ. ಮುಂಜಾನೆಯಿಂದ ಬಾಯಿಂದ ಉಸಿರಾಡುತ್ತಿದ್ದವನು ಎದೆ ತುಂಬ ಗಾಳಿ ಎಳೆದುಕೊಂಡ. ಯಾರ ಮುಖವನ್ನೂ ನೋಡಲಿಲ್ಲ.

“ನಾಳಿ ಮುಂಜಾನಿ ಲಗೂನ ಏಳ್ರಿ ಅಳಿಯಾರ,” ಎಂದ. “ಮಂದಿ ಭಾಳ ಬರತಾರ. ಚಪ್ಪಲಿ ನೋಡ್ಕೋಬೇಕು.”

ನಾಳಿಯ ‘ನ’, ಮುಂಜಾನಿಯ ‘ಮ’, ಎರಡೂ ಗುಡಿಯ ಗಂಟೆಯಂತೆ ಖಣಿಲ್ಲೆಂದಿದ್ದವು. ಪುಂಡಲೀಕ ರೊಟ್ಟಿಯ ಚೂರನ್ನು ಕೈಯಲ್ಲೇ ಹಿಡಿದುಕೊಂಡು ಮಾವನನ್ನು ನೋಡಿದ. ಲಕ್ಷ್ಮಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಪಲ್ಯದ ಬೋಗುಣಿಯನ್ನು ತನ್ನ ಹತ್ತಿರ ಎಳೆದುಕೊಂಡು, ಉಳಿದದ್ದನ್ನೆಲ್ಲ ರೊಟ್ಟಿಯಿಂದ ಒರೆಸಿ ಬಾಯಿಗೆ ಹಾಕಿಕೊಂಡ.